ಅತ್ತೆಯ ಓಟು, ವಕೀಲರ ಕ್ಷೇತ್ರ

ನಮ್ಮ ಊರು ಯಾವ ಕ್ಷೇತ್ರಕ್ಕೆ ಸೇರಿದ್ದು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ರೇಗುತ್ತದೆ. ಹಳೇಬೀಡಿನಿಂದ ಜಾವಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಮೈಲಿ ನಡೆದು ಎಡಕ್ಕೆ ತಿರುಗಿದರೆ ಸಿಗುವ ಸಣ್ಣ ಊರು. ಕಂದಾಯ ಕಟ್ಟುವುದು ಬೇಲೂರಿಗೆ, ಕೊಬ್ಬರಿ ಮಾರುವುದು ಅರಸೀಕೆರೆಯಲ್ಲಿ, ಸಂತೆ ಹಳೇಬೀಡಿನದು. ಇದರಿಂದ ನಮಗೆ ಯಾವ ತೊಂದರೆಯೂ ಇರಲಿಲ್ಲ. ಯಾವ ಕೆಲಸಕ್ಕೆ ಯಾವ ದಿಕ್ಕಿಗೆ ನಡೆಯಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಓಟು ಬಂದ ಮೇಲೆ ಮಾತ್ರ ನಮ್ಮನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಎತ್ತಿ ಇಟ್ಟರು. ಮೊದಲ ಚುನಾವಣೆಗೆ ನಮ್ಮದೂ ಅಕ್ಕಪಕ್ಕದ ನಾಲ್ಕಾರು ಹಳ್ಳಿಗಳೂ ಅರಸೀಕೆರೆಯ ಕಡೆಗೆ, ಎರಡನೆಯದಕ್ಕೆ ಬೇಲೂರಿಗೆ ಎಂಬುದು ನನ್ನ ನೆನಪು. ಹಳೆಯ ಗೆಜೆಟ್ ತೆಗೆಸಿದರೆ ಬೇರೆಯೇ ಇರಬಹುದು. ತೆಗೆಸಿಲ್ಲ. ಗೆಜೆಟ್ಟಿನಲ್ಲಿ ಇರುವುದು ಗಡಿ ಮಾತ್ರ. ನಾನು ಬರೆಯಬೇಕೆಂದಿರುವುದು ನಮ್ಮ ಅತ್ತೆಯ ಓಟಿನ ವಿಚಾರ. ಅದು ಯಾವ ಗೆಜೆಟ್ಟಿನಲ್ಲೂ ಇಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಅರಸೀಕೆರೆಯ ಹತ್ತಿರ ಒಂದು ತೆಂಗಿನ ತೋಟದ ಮನೆಗೆ ಅವಳನ್ನು ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡು ತಿಂಗಳು ತುಂಬುವುದರೊಳಗೆ ಅವಳ ಮೈದುನಂದಿರು ಒಬ್ಬ ವಕೀಲರನ್ನು ಕರೆದುಕೊಂಡು ಬಂದರಂತೆ. ಆಗಷ್ಟೇ ಅರಸೀಕೆರೆಯಲ್ಲಿ ಬೋರ್ಡು ಹಾಕಿದ್ದ ಹುಡುಗು ವಕೀಲರು. "ಖಾತೆ ಬದಲಾವಣೆಗೆ ಕಣಮ್ಮ, ಇಲ್ಲೊಂದು ಹೆಬ್ಬೆಟ್ಟು ಒತ್ತಿ" ಎಂದರು. ಅತ್ತೆ ಒತ್ತಿದಳು. ಮರುತಿಂಗಳು ತಿಳಿಯಿತು: ತೋಟದಲ್ಲಾಗಲಿ ಮನೆಯಲ್ಲಾಗಲಿ ತನಗೇನೂ ಬೇಡ ಎಂದು ಬರೆದುಕೊಟ್ಟಿದ್ದಳು. ಒಂದು ಟ್ರಂಕು ತೆಗೆದುಕೊಂಡು ನಮ್ಮ ಮನೆಗೆ ಬಂದಳು. ನಾನು ಹುಟ್ಟಿದ್ದು ಆಮೇಲೆ. ಅಂದರೆ ಇದೆಲ್ಲ ನನಗೆ ಗೊತ್ತಿರುವುದು ಅವಳ ಬಾಯಿಂದಲೇ, ಹತ್ತಾರು ಸಲ ಕೇಳಿ. ಆದರೆ ಅವಳು ಪ್ರತಿ ಸಲವೂ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು, ಒಂದು ಪದ ಹೆಚ್ಚಿಸುತ್ತಿರಲಿಲ್ಲ. ಅದಕ್ಕೇ ನಂಬುತ್ತೇನೆ.

ಆ ವಕೀಲರು ಮುಂದೆ ನಮ್ಮ ಶಾಸಕರಾದರು.

ಮೊದಲ ಚುನಾವಣೆಗೆ ಮತದಾರರ ಪಟ್ಟಿ ಮಾಡುವ ಕೆಲಸ ಮೇಷ್ಟ್ರುಗಳ ತಲೆಗೆ ಬಿತ್ತು. ನಾನು ಆಗ ಮೈಸೂರಿನಲ್ಲಿ ಬಿ.ಎ. ಮುಗಿಸಿ, ಬೇರೇನೂ ಸಿಗದೆ, ಹಳೇಬೀಡಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನಮ್ಮೂರನ್ನೂ ಪಕ್ಕದ ಎರಡು ಊರುಗಳನ್ನೂ ನನಗೆ ಕೊಟ್ಟರು. ನಾನು ಪ್ರಜಾಪ್ರಭುತ್ವದ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು. ಮನೆಮನೆಯ ಬಾಗಿಲಲ್ಲಿ ನಿಂತಾಗ ತಿಳಿಯಿತು, ನಾನು ಓದಿದ ಪುಸ್ತಕಗಳಲ್ಲಿ ಹೆಂಗಸರ ಹೆಸರನ್ನು ಹೇಗೆ ಕೇಳಬೇಕು ಎಂದು ಯಾರೂ ಬರೆದಿರಲಿಲ್ಲ.

"ಗಂಡನ ಹೆಸರೇನಮ್ಮ?"

ಬಾಗಿಲ ಹಿಂದೆ ಬಳೆಯ ಸದ್ದು. ಪಕ್ಕದ ಮನೆಯ ಮುದುಕಿ ಜಗಲಿಯಿಂದ ಕೂಗಿದಳು: "ಅದ್ಯಾಕ್ ಕೇಳ್ತೀರ ಮೇಷ್ಟ್ರೇ, ಅವ್ಳು ಹೇಳಾಕಿಲ್ಲ. ಏಳು ಬೆಟ್ಟದ ಮ್ಯಾಲೆ ನಿಂತವ್ನಲ್ಲ, ಅವನ ಹೆಸರೇಯ ಇವಳ ಗಂಡಂದು. ಅವನು ನಿಂತವ್ನೆ, ಇವನು ಮಲಗವ್ನೆ, ಅಷ್ಟೇ ಯತ್ಯಾಸ."

ಒಳಗಿನಿಂದ ನಗು ಕೇಳಿತು. ನಾನು ಬರೆದುಕೊಂಡೆ.

"ನಿನ್ನ ಹೆಸರು?"

ಈ ಸಲ ಮಲಗಿದ್ದವನೇ ಎದ್ದು ಬಂದ. "ಅವಳ ಹೆಸರು ಕಟ್ಕಂಡು ನಿಮಗೇನಾಗ್ಬೇಕು ಸ್ವಾಮಿ? ನನ್ನ ಹೆಂಡ್ರು ಅಂತ ಬರ್ಕಳಿ. ಊರಿಗೇ ಗೊತ್ತೈತೆ."

ಬರೆದುಕೊಂಡೆ. 'ಇವರ ಹೆಂಡತಿ.' ಮುಂದಿನ ಮನೆಯಲ್ಲಿ 'ಇವರ ತಾಯಿ.' ಅದರ ಮುಂದೆ 'ಇವರ ಸೊಸೆ.' ಒಂದು ಮನೆಯಲ್ಲಿ ಹತ್ತು ನಿಮಿಷ ವಾದ ಮಾಡಿ ಒಂದು ಹೆಸರು ಹೊರಡಿಸುವುದಕ್ಕಿಂತ ಹತ್ತು ನಿಮಿಷದಲ್ಲಿ ನಾಲ್ಕು ಮನೆ ಮುಗಿಸುವುದು ನನಗೆ ಬೇಕಾಗಿತ್ತು. ಬಿಸಿಲಿತ್ತು. ನಾನು ಈ ಊರುಗಳಲ್ಲಿ ಬಹಳ ದಿನ ಇರುವವನಲ್ಲ ಎಂದು ಬೇರೆ ಅಂದುಕೊಂಡಿದ್ದೆ.

ನಮ್ಮ ಮನೆಯ ಪಟ್ಟಿಯನ್ನು ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿನಲ್ಲಿ ಬರೆದೆ. ಅಪ್ಪನ ಹೆಸರು, ಅಣ್ಣನದು, ನನ್ನದು. ಅಮ್ಮನ ಹೆಸರು ದೇವಸ್ಥಾನದ ಸೇವೆಯ ಚೀಟಿಗಳಿಂದ ಗೊತ್ತಿತ್ತು. ಅತ್ತಿಗೆಯದು ಲಗ್ನಪತ್ರಿಕೆಯಲ್ಲಿ ಓದಿದ್ದೆ. ಆರನೆಯ ಸಾಲಿಗೆ ಬಂದಾಗ ಅತ್ತೆ ನನ್ನ ಮುಂದೆಯೇ ಬಗ್ಗಿ ಪಲ್ಯ ಬಡಿಸುತ್ತಿದ್ದಳು. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಅಪ್ಪ ಅವಳನ್ನು ಅಕ್ಕ ಎನ್ನುತ್ತಿದ್ದರು, ಅಮ್ಮನಿಗೂ ಅವಳು ಅಕ್ಕನೇ, ನಮಗೆ ಅತ್ತೆ, ಊರಿಗೆ ಮೇಷ್ಟ್ರ ಅಕ್ಕ. ಅಪ್ಪನೂ ಮೇಷ್ಟ್ರಾಗಿದ್ದವರು. ಇಪ್ಪತ್ತು ವರ್ಷ ಅವಳ ಕೈಯ ಅನ್ನ ಉಂಡವನಿಗೆ ಅವಳಿಗೊಂದು ಹೆಸರಿರಬೇಕು ಎಂದು ಹೊಳೆದಿರಲಿಲ್ಲ.

ಇಲ್ಲಿ ನನ್ನ ನೆನಪು ಎರಡು ಮಾತು ಹೇಳುತ್ತದೆ. ಒಂದರಲ್ಲಿ ನಾನು ಅಪ್ಪನನ್ನು ಕೇಳುತ್ತೇನೆ, ಅಪ್ಪ ಪೇಪರಿನಿಂದ ಕಣ್ಣೆತ್ತದೆ "ಅಕ್ಕ ಅಂತ ಬರಿ ಸಾಕು" ಎನ್ನುತ್ತಾರೆ. ಇನ್ನೊಂದರಲ್ಲಿ ನಾನು ಯಾರನ್ನೂ ಕೇಳುವುದಿಲ್ಲ. ಮೊದಲನೆಯದು ನನಗೆ ಅನುಕೂಲವಾಗಿದೆ, ಆದ್ದರಿಂದ ಅದು ಸುಳ್ಳಿರಬೇಕು. ಏನೇ ಇರಲಿ, ಕೈಬರಹ ನನ್ನದು: 'ಯಜಮಾನರ ಅಕ್ಕ.'

ಕೆಲವು ತಿಂಗಳಾದ ಮೇಲೆ ಸುತ್ತೋಲೆ ಬಂತು. ಸ್ವಂತ ಹೆಸರಿಲ್ಲದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆದಿರುವ ಸಾಲುಗಳನ್ನು ಇಷ್ಟು ದಿನದೊಳಗೆ ಸರಿಪಡಿಸಬೇಕು, ಇಲ್ಲದಿದ್ದರೆ ಹೊಡೆದುಹಾಕಲಾಗುವುದು. ನಾನು ಪಕ್ಕದ ಎರಡು ಊರಿಗೆ ಮತ್ತೆ ಹೋಗಿ, ಗಂಡಸರ ಜೊತೆ ಜಗಳವಾಡಿ, ಒಂದೊಂದಾಗಿ ಹೆಸರು ಬರೆಸಿಕೊಂಡು ಬಂದೆ. ನಮ್ಮೂರನ್ನು ಕೊನೆಗೆ ಇಟ್ಟುಕೊಂಡೆ, ಮನೆಯ ಮುಂದೆಯೇ ಇದೆಯಲ್ಲ ಎಂದು. ಅಷ್ಟರಲ್ಲಿ ಮೈಸೂರಿನಿಂದ ಒಂದು ಕೆಲಸದ ಸಂದರ್ಶನಕ್ಕೆ ಕಾಗದ ಬಂತು. ಹೋದೆ. ಎರಡು ದಿನಕ್ಕೆಂದು ಹೋದವನು ಗೆಳೆಯರ ಜೊತೆ ಎಂಟು ದಿನ ಉಳಿದೆ. ಕೆಲಸ ಸಿಗಲಿಲ್ಲ. ಹಿಂತಿರುಗಿದಾಗ ಅವಧಿ ಮುಗಿದಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತರು ರೂಲುದೊಣ್ಣೆ ಇಟ್ಟು ಕೆಂಪು ಶಾಯಿಯಲ್ಲಿ ನಮ್ಮೂರಿನ ಹೆಂಗಸರನ್ನು ಸಾಲುಸಾಲಾಗಿ ಹೊಡೆದುಹಾಕಿದ್ದರು.

"ನೀವು ತಡ ಮಾಡಿದಿರಿ, ನಾನೇನು ಮಾಡ್ಲಿ?" ಎಂದರು ಅವರು. ಅವರಿಗೂ ಸುತ್ತೋಲೆ ಬಂದಿತ್ತು. ಎಲ್ಲರಿಗೂ ಸುತ್ತೋಲೆ ಬಂದಿರುತ್ತದೆ, ಈ ದೇಶದಲ್ಲಿ ಯಾರೂ ತಪ್ಪು ಮಾಡುವುದಿಲ್ಲ.

ನಾನು ಮನೆಯಲ್ಲಿ ಹೇಳಲಿಲ್ಲ.

ವಕೀಲರು ಓಟು ಕೇಳಲು ಬಂದದ್ದು ಆ ಚಳಿಗಾಲದ ಒಂದು ಬೆಳಿಗ್ಗೆ. ತಲೆ ಬೆಳ್ಳಗಾಗುತ್ತಿತ್ತು, ಖಾದಿ ಹೊಸದಾಗಿತ್ತು. ಜಗಲಿಯ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು ಅವರ ಎರಡೂ ಕೈ ಹಿಡಿದುಕೊಂಡರು.

"ಮೇಷ್ಟ್ರೇ, ನಿಮ್ಮ ಮನೇಲಿ ಎಷ್ಟು ಓಟು?"

"ಆರು."

"ಆರೂ ನನ್ನವು ಅಂತ ಹಿಡ್ಕೋತೀನಿ."

"ಅದಕ್ಕೇನ್ರೀ, ಮನೆ ಅಂದ ಮೇಲೆ ಎಲ್ಲ ಒಂದೇ ಓಟು" ಎಂದರು ಅಪ್ಪ. ಈ ಮನುಷ್ಯ ಅಕ್ಕನಿಗೆ ಏನು ಮಾಡಿದ್ದಾನೆಂದು ಅಪ್ಪನಿಗೆ ಗೊತ್ತಿತ್ತು. ಜಗಲಿಗೆ ಬಂದವರಿಗೆ ಇಲ್ಲ ಎನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಇದು ಅವರ ಒಬ್ಬರ ಗುಣವಲ್ಲ, ನಮ್ಮ ಕಡೆಯ ಪದ್ಧತಿ. ಓಟು ಕೇಳುವುದು ಜಗಲಿಯಲ್ಲಿ, ಕೊಡುವುದು ಮನೆಯ ಯಜಮಾನ, ಒಂದೊಂದು ಮನೆಗೆ ಒಂದೊಂದು ಗಂಟು. ಹೊಲದ ಬದುವಿನಲ್ಲಿ ಗೇಣು ನೆಲವನ್ನೂ ಬಿಡದ ಗಂಡಸರು ಹೆಂಡಿರ ಓಟನ್ನು ಕೇಳದೆಯೇ ಎತ್ತಿ ಕೊಡುತ್ತಿದ್ದರು.

ಅಮ್ಮ ಕಾಫಿಗೆಂದು ಒಳಗೆ ಹೋದಳು. ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು. "ಹಾಲು ಒಡೆದಿದೆಯಂತೆ" ಎಂದಳು, ಯಾರ ಮುಖವನ್ನೂ ನೋಡದೆ. ಆ ಹಾಲನ್ನು ಅಂದೇ ಮಧ್ಯಾಹ್ನ ಹೆಪ್ಪು ಹಾಕಿದ್ದನ್ನು ನಾನು ನೋಡಿದೆ.

ಅವರು ಹೋದ ಮೇಲೆ ಅತ್ತೆ ಹೊರಗೆ ಬಂದಳು. "ನನ್ನ ಓಟು ನೀನ್ಯಾಕೋ ಕೊಟ್ಟೆ?"

"ಮಾತಿಗೆ ಹೇಳಿದ್ದು ಅಕ್ಕ. ಒಳಗೆ ಹೋದ ಮೇಲೆ ನೀನು ಯಾವ ಪೆಟ್ಟಿಗೆಗೆ ಹಾಕ್ತೀಯೋ ಯಾರು ನೋಡ್ತಾರೆ?"

"ಯಾರೂ ನೋಡಲ್ವೆ?"

"ಯಾರೂ ನೋಡಲ್ಲ."

"ಅಲ್ಲಿ ಕೂತಿರೋ ಗಂಡಸರೂ?"

"ಅವರೂ ನೋಡಲ್ಲ. ಮರೆ ಕಟ್ಟಿರ್ತಾರೆ."

ಅತ್ತೆ ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆದಳು. ಆದರೆ ಅವತ್ತಿನಿಂದ ಅವಳಿಗೆ ಚುನಾವಣೆಯ ದಿನ ಯಾವಾಗ ಎಂಬ ಒಂದೇ ಚಿಂತೆ. ಪೆಟ್ಟಿಗೆಗಳ ವಿಷಯ ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು. ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ. ಕೊಟ್ಟ ಚೀಟಿಯನ್ನು ಮರೆಯಲ್ಲಿ ಹೋಗಿ ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. "ವಕೀಲನ ಪೆಟ್ಟಿಗೆ ಬಿಟ್ಟು ಪಕ್ಕದ್ದಕ್ಕೆ ಹಾಕಿದರೆ ಆಯ್ತಲ್ಲ?" ಎಂದು ಕೇಳಿದಳು. ಆಯಿತು ಎಂದೆ. ಅವಳ ಸಾಲು ಹೊಡೆದುಹೋಗಿದೆ ಎಂದು ಆಗಲಾದರೂ ಹೇಳಬಹುದಿತ್ತು.

ಓಟಿನ ದಿನ ಅತ್ತೆ ಬೆಳಿಗ್ಗೆಯೇ ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಊರ ಹೆಂಗಸರ ಜೊತೆ ಶಾಲೆಗೆ ಹೋದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಷ್ಟು ಸ್ಪಷ್ಟವಾಗಿದೆಯೋ ಅಷ್ಟೇ ತಪ್ಪು. ಆ ಕಾಲದಲ್ಲಿ ನಮ್ಮ ಮನೆಯ ವಿಧವೆ ಹಸಿರು ಉಡುವಂತಿರಲಿಲ್ಲ. ಸೀರೆಯ ಬಣ್ಣವನ್ನೇ ನೆಟ್ಟಗೆ ಇಟ್ಟುಕೊಳ್ಳದ ತಲೆ ಉಳಿದದ್ದನ್ನು ಹೇಗೆ ಇಟ್ಟುಕೊಂಡಿದೆಯೋ. ಆದರೂ ಅವಳು ಹಿಂತಿರುಗಿ ಬಂದು ಆಡಿದ ಮಾತಿನಲ್ಲಿ ನನಗೆ ಅನುಮಾನವಿಲ್ಲ.

"ನನ್ನ ಹೆಸರಿಲ್ಲವಂತೆ. ಯಾರು ಬರೆದದ್ದು ಪಟ್ಟಿ?"

"ನಾನೇ ಅತ್ತೆ."

"ನನ್ನ ಹೆಸರು ನೀನು ಕೇಳಲೇ ಇಲ್ಲವಲ್ಲೋ."

ಆಗ ಕೇಳಿದೆ. ಹೇಳಿದಳು. ಬಹಳ ಚೆನ್ನಾದ ಹೆಸರು. ಹೇಳುವಾಗ ಅವಳಿಗೇ ಸ್ವಲ್ಪ ನಾಚಿಕೆಯಾಯಿತು, ಯಾರದೋ ಒಡವೆ ಹಾಕಿಕೊಂಡವಳ ಹಾಗೆ.

ವಕೀಲರು ಗೆದ್ದರು. ಐದು ವರ್ಷ ನಮ್ಮ ಪ್ರತಿನಿಧಿ. ಅಂದರೆ ಅತ್ತೆಯ ಪ್ರತಿನಿಧಿಯೂ ಅವರೇ. ಅವಳ ಪರವಾಗಿ ಬೆಂಗಳೂರಿನಲ್ಲಿ ಕುಳಿತು ಅವರು ಕೈ ಎತ್ತುತ್ತಿದ್ದರು. ಪ್ರಾತಿನಿಧ್ಯದ ಬಗ್ಗೆ ನಾನು ಓದಿದ್ದ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಐವತ್ತೇಳರ ಪಟ್ಟಿಗೆ ಅತ್ತೆಯ ಹೆಸರನ್ನು ನಾನೇ ಅರ್ಜಿ ತುಂಬಿ ಸೇರಿಸಿದೆ. ಅವಳು ಅಷ್ಟರಲ್ಲಿ ಅತ್ತಿಗೆಯ ಹತ್ತಿರ ಸಹಿ ಮಾಡುವುದನ್ನೂ ಕಲಿತಿದ್ದಳು. ಇನ್ನು ಮೇಲೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು. ಎಲ್ಲ ಸರಿಹೋಯಿತು ಎಂದುಕೊಂಡೆವು. ಆ ಹೊತ್ತಿಗೆ ಗಡಿಯ ಗೆರೆ ಸರಿದು ನಾವು ಬೇಲೂರಿಗೆ ಸೇರಿದ್ದೆವು, ವಕೀಲರು ಅರಸೀಕೆರೆಯಲ್ಲೇ ಉಳಿದಿದ್ದರು. ಇದು ನನಗೆ ಗೊತ್ತಿತ್ತು. ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿತ್ತು. ಅತ್ತೆಗೆ ಹೇಳಬೇಕೆಂದು ಯಾರಿಗೂ ತೋಚಲಿಲ್ಲ.

ಆ ಸಲ ನನ್ನನ್ನು ಮತಗಟ್ಟೆಯ ಕೆಲಸಕ್ಕೆ ಅರೇಹಳ್ಳಿಯ ಕಡೆಗೆ ಹಾಕಿದ್ದರು. ಮರುದಿನ ಮನೆಗೆ ಬಂದಾಗ ಅತ್ತೆ ನನ್ನನ್ನು ಒಳಗೆ ಕರೆದು, ಟ್ರಂಕು ತೆಗೆದು, ಮಡಿಸಿದ ಸೀರೆಯ ನಡುವಿನಿಂದ ಒಂದು ರೂಪಾಯಿ ನೋಟಿನಷ್ಟು ಅಗಲದ ಕಾಗದ ತೋರಿಸಿದಳು. ಓಟಿನ ಚೀಟಿ.

"ಇದನ್ಯಾಕೆ ತಂದೆ ಅತ್ತೆ? ಪೆಟ್ಟಿಗೆಗೆ ಹಾಕಬೇಕು!"

"ಯಾರ ಪೆಟ್ಟಿಗೆಗೆ? ವಕೀಲನ ಪೆಟ್ಟಿಗೆ ಇರಲೇ ಇಲ್ಲ ಅಲ್ಲಿ. ಅವನ ಗುರುತು ಹುಡುಕಿ ಹುಡುಕಿ ಸಾಕಾಯ್ತು. ಅವನೇ ಇಲ್ಲದ ಮೇಲೆ ಅವನ ಪಕ್ಕದ್ದಕ್ಕೆ ಹೆಂಗೆ ಹಾಕಲಿ?"

"ಯಾರೂ ನೋಡಲಿಲ್ಲವೆ?"

"ಯಾರೂ ನೋಡಲ್ಲ ಅಂತ ನಿಮ್ಮಪ್ಪನೇ ಹೇಳಿದ್ನಲ್ಲ. ಇರಲಿ ಬಿಡು. ಅವನು ಬಂದಾಗ ಹಾಕ್ತೀನಿ."

ಅದು ಅಪರಾಧ, ಚೀಟಿ ಹೊರಗೆ ತರುವಂತಿಲ್ಲ, ಈ ಚುನಾವಣೆಯ ಚೀಟಿ ಮುಂದಿನದಕ್ಕೆ ನಡೆಯುವುದಿಲ್ಲ ಎಂದೆಲ್ಲ ಹೇಳಿದೆ. ಅವಳು ಕೇಳಿದಳು, ಮಡಿಸಿದಳು, ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಸರ್ಕಾರ ತನ್ನ ಕೈಗೆ ಕೊಟ್ಟದ್ದು, ತಾನು ಇನ್ನೂ ಖರ್ಚು ಮಾಡಿಲ್ಲ, ಅದು ಹೇಗೆ ಕೆಡುತ್ತದೆ? ಅವಳ ತರ್ಕದಲ್ಲಿ ನನಗೆ ತಪ್ಪು ಕಾಣಿಸಲಿಲ್ಲ. ನಿಯಮದಲ್ಲಿ ಕಾಣಿಸಿತು.

ಆ ಐದು ವರ್ಷ ನಮ್ಮ ಶಾಸಕರಾಗಿದ್ದವರು ಅರೇಹಳ್ಳಿ ಕಡೆಯ ಒಬ್ಬ ಕಾಫಿ ತೋಟದವರು. ನಮ್ಮ ಬಯಲು ಸೀಮೆಯ ಮೂಲೆಗೆ ಅವರು ಕಾಲಿಟ್ಟದ್ದು ನನಗೆ ನೆನಪಿಲ್ಲ. ಅರಸೀಕೆರೆಯ ಬಸ್ಸನ್ನು ನಮ್ಮೂರಿನ ತಿರುವಿನಲ್ಲಿ ನಿಲ್ಲಿಸಿ ಎಂದು ಒಂದು ಅರ್ಜಿ ಹಿಡಿದು ಬೇಲೂರಿನ ಪ್ರವಾಸಿ ಬಂಗಲೆಯಲ್ಲಿ ಅವರನ್ನು ಕಂಡೆ. ಓದಿ ಹಿಂದಕ್ಕೆ ಕೊಟ್ಟರು. "ಇದು ಅರಸೀಕೆರೆಗೆ ಬರುತ್ತಲ್ರೀ?" ಇಲ್ಲ ಸಾರ್, ಈಗ ನಿಮಗೇ ಎಂದೆ. "ಹೌದಾ? ಯಾವಾಗಿಂದ?" ಎಂದರು. ಅದೇ ಅರ್ಜಿಯನ್ನು ಅರಸೀಕೆರೆಗೆ ಒಯ್ದೆ. ವಕೀಲರು ಆ ಕಡೆ ಸೋತು ಮತ್ತೆ ಕರಿಕೋಟು ಹಾಕಿದ್ದರು. ಆದರೂ ಅವರ ಮಾತು ನಡೆಯುತ್ತದೆ ಎಂದು ಜನ ಹೇಳುತ್ತಿದ್ದರು. ಅವರು ನಕ್ಕರು. "ನೀವು ನನ್ನ ಕೈ ತಪ್ಪಿ ಹೋದಿರಲ್ಲಪ್ಪ. ಇರಿ, ಬರ್ತೀನಿ ನಿಮ್ಮ ಕಡೆಗೇ."

ಬಂದರು. ಅರವತ್ತೆರಡರಲ್ಲಿ ಬೇಲೂರಿನಿಂದ ನಿಂತರು.

ಆ ಹೊತ್ತಿಗೆ ಅಪ್ಪನಿಗೆ ಕಣ್ಣು ಮಂಜಾಗಿ ಜಗಲಿಯ ಯಜಮಾನಿಕೆ ಅಣ್ಣನಿಗೆ ಬಂದಿತ್ತು. ನಾನು ಮೇಷ್ಟ್ರ ಕೆಲಸ ಬಿಟ್ಟು, ಇನ್ನೆರಡು ಕೆಲಸಗಳನ್ನೂ ಬಿಟ್ಟು, ಹಾಸನದಲ್ಲಿ ಕಾಲೇಜಿನ ಹುಡುಗರಿಗೆ ಖಾಸಗಿ ಪಾಠ ಹೇಳುತ್ತಿದ್ದೆ. ಓಟಿಗೆ ಊರಿಗೆ ಬಂದೆ. ಅಣ್ಣ ವಕೀಲರ ಏಜೆಂಟಾಗಿ ಮತಗಟ್ಟೆಯ ಒಳಗೆ ಕೂರುವುದೆಂದು ಗೊತ್ತಾಯಿತು.

"ಅತ್ತೆಗೆ ಅವನು ಏನು ಮಾಡಿದ ಅಂತ ಗೊತ್ತಿದ್ದೂ?" ಎಂದೆ.

"ಮೂವತ್ತು ವರ್ಷದ ಹಿಂದಿನ ಕಥೆ ಕಣೋ ಅದು. ಊರಿಗೆ ಬಸ್ಸು ಬೇಡವೇನೋ ನಿನಗೆ? ನೀನು ಅರ್ಜಿ ಹಿಡ್ಕೊಂಡು ತಿರುಗಿ ಏನು ಕಡಿದೆ?"

ಅತ್ತೆ ಕೇಳಿಸಿಕೊಳ್ಳುತ್ತಿದ್ದಳು. "ನೀನು ಏಜೆಂಟಾಗು, ಯಾರು ಬೇಡ ಅಂದ್ರು. ನನ್ನದು ನನಗೆ ಬಿಡು" ಎಂದಳು.

ಆ ಸಲ ಕ್ರಮ ಬದಲಾಗಿತ್ತು. ಒಂದೇ ಪೆಟ್ಟಿಗೆ, ಒಂದೇ ಚೀಟಿಯಲ್ಲಿ ಎಲ್ಲರ ಗುರುತು, ಬೇಕಾದ್ದರ ಮೇಲೆ ಮುದ್ರೆ ಒತ್ತಬೇಕು. ಅತ್ತೆಗೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಬೆಳಿಗ್ಗೆ ಅಡಿಗೆ ಮುಗಿಸಿ, ಹೊತ್ತೇರಿದ ಮೇಲೆ ಇಬ್ಬರೂ ಹೊರಟೆವು. ಶಾಲೆಯ ಮುಂದೆ ವಕೀಲರ ಕಡೆಯವರ ಲಾರಿ ನಿಂತಿತ್ತು. ಅದರಿಂದ ಇಳಿದ ಕೆಲವು ಹೆಂಗಸರ ಮುಖ ನಮ್ಮೂರಿನವಲ್ಲ ಎಂದು ನನಗನ್ನಿಸಿತು. ಆಗ ಅನ್ನಿಸಿತೋ ಆಮೇಲೆ ಅನ್ನಿಸಿತೋ ಖಚಿತವಾಗಿ ಹೇಳಲಾರೆ.

ಒಳಗೆ ಅಧಿಕಾರಿ ಪಟ್ಟಿಯ ಮೇಲೆ ಬೆರಳು ಓಡಿಸಿ ನಿಲ್ಲಿಸಿದರು. "ಈ ಹೆಸರಿನ ಓಟು ಆಗಿಹೋಗಿದೆಯಲ್ಲ ತಾಯಿ."

"ಯಾರು ಹಾಕಿದ್ದು?"

"ನೀವೇ."

"ನಾನು ಈಗ ಬರ್ತಿದೀನಿ."

ಅಧಿಕಾರಿ ಏಜೆಂಟರ ಬೆಂಚಿನ ಕಡೆ ತಿರುಗಿದರು. "ಇವರು ಯಾರು, ಯಾರಿಗಾದರೂ ಗೊತ್ತೇನ್ರೀ?"

ಬೆಂಚಿನ ಮೇಲೆ ಅಣ್ಣ ಕುಳಿತಿದ್ದ. ಕೈಯಲ್ಲಿ ಪಟ್ಟಿಯ ಪ್ರತಿ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಬೆಳಿಗ್ಗೆ ಯಾರೋ ಹೆಂಗಸು ಬಂದು ಆ ಹೆಸರು ಹೇಳಿದಾಗಲೂ ಅಲ್ಲೇ ಕುಳಿತಿದ್ದ. ನಮ್ಮ ಮನೆಯ ಹೆಸರು ಓದಿದಾಗ ತಲೆಯೆತ್ತಿ ನೋಡಲಿಲ್ಲವೆಂದರೆ ನಾನು ನಂಬುವುದಿಲ್ಲ. ಎದುರು ಪಕ್ಷದ ಏಜೆಂಟ ಪಕ್ಕದ ಊರಿನವ, ಅವನಿಗೆ ಅತ್ತೆಯ ಮುಖ ಗೊತ್ತಿರಲಿಲ್ಲ.

"ನಮ್ಮ ಅತ್ತೆ" ಎಂದ ಅಣ್ಣ, ಪಟ್ಟಿಯನ್ನೇ ನೋಡುತ್ತ.

"ಮತ್ತೆ ಬೆಳಿಗ್ಗೆ ಯಾಕೆ ಸುಮ್ಮನಿದ್ರಿ?"

"ಬಂದಿದ್ದವರು ಸೆರಗು ಮುಚ್ಕೊಂಡಿದ್ರು ಸಾರ್."

ಎದುರು ಪಕ್ಷದವನು ನಕ್ಕುಬಿಟ್ಟ. "ಮನೆ ಅತ್ತೇನೇ ಗುರುತು ಸಿಕ್ಕಾಕಿಲ್ಲ ಅಂದ್ರೆ ಎಂಥಾ ಏಜೆಂಟಯ್ಯ ನೀನು?"

ಅತ್ತೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಸೊಂಟದಿಂದ ಒಂದು ಗಂಟು ಬಿಚ್ಚಿದಳು. "ಆ ಓಟು ಯಾರಾದ್ರೂ ತಗೊಂಡು ಹೋಗ್ಲಿ. ನನ್ನ ಹತ್ರ ಹಳೇದೊಂದಿದೆ" ಎಂದು ಐವತ್ತೇಳರ ಚೀಟಿಯನ್ನು ಮೇಜಿನ ಮೇಲಿಡಲು ಹೋದಳು. ನಾನು ಅವಳ ಕೈಯಿಂದ ಕಿತ್ತು ಜೇಬಿಗೆ ತುರುಕಿದೆ. ಅಧಿಕಾರಿ ನೋಡಿದರೋ ಇಲ್ಲವೋ. ನೋಡಿದ್ದರೆ ಒಳ್ಳೆಯವರೇ ಇರಬೇಕು, ಏನೂ ಕೇಳಲಿಲ್ಲ.

ಆಮೇಲೆ ನಾನು ಕಾನೂನು ಮಾತಾಡಿದೆ. ಮತಗಟ್ಟೆಯ ಕೆಲಸ ಮಾಡಿದವನಲ್ಲವೇ, ನಿಯಮ ಬಾಯಿಪಾಠವಿತ್ತು. ಒಬ್ಬರ ಹೆಸರಿನಲ್ಲಿ ಬೇರೆಯವರು ಓಟು ಹಾಕಿದ್ದು ಗೊತ್ತಾದರೆ ನಿಜವಾದ ಮತದಾರನಿಗೆ ಬೇರೊಂದು ಚೀಟಿ ಕೊಡಬೇಕು. ಅವನು ಗುರುತು ಮಾಡಿದ ಮೇಲೆ ಅದು ಪೆಟ್ಟಿಗೆಗೆ ಹೋಗುವುದಿಲ್ಲ, ಬೇರೆ ಲಕೋಟೆಗೆ ಹೋಗುತ್ತದೆ. ಮತ್ತು ಅದನ್ನು ಎಣಿಸುವುದಿಲ್ಲ. ಕೊನೆಯ ವಾಕ್ಯವೂ ನನಗೆ ಬಾಯಿಪಾಠವಿತ್ತು. ಜೋರು ದನಿಯಲ್ಲಿ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ.

ಅಧಿಕಾರಿ ಒಪ್ಪಿದರು. ಅತ್ತೆ ಪಟ್ಟಿಯಲ್ಲಿ ಸಹಿ ಮಾಡಿದಳು, ಅಕ್ಷರ ಅಕ್ಷರವಾಗಿ, ಹಿಂದೆ ನಿಂತವರು ಗೊಣಗುವಷ್ಟು ಹೊತ್ತು. ಮರೆಗೆ ಹೋಗಿ ಮುದ್ರೆ ಒತ್ತಿದಳು. ಹೊರಗೆ ಬಂದು ಚೀಟಿಯನ್ನು ಪೆಟ್ಟಿಗೆಗೆ ಹಾಕಲು ಹೋದಾಗ ಅಧಿಕಾರಿ "ಇಲ್ಲಿ ಕೊಡಿ ತಾಯಿ" ಎಂದು ಲಕೋಟೆ ಚಾಚಿದರು.

ದಾರಿಯಲ್ಲಿ ಕೇಳಿದಳು. "ನಂದನ್ನ ಯಾಕೆ ಕವರಿಗೆ ಹಾಕಿದ್ರು?"

"ಬೇರೆಯಾಗಿ ಇಡ್ತಾರೆ ಅತ್ತೆ."

"ಎಣಿಸ್ತಾರೆ ತಾನೇ?"

"ಎಣಿಸಲ್ಲ" ಎಂದೆ.

ಅವಳು ನಿಂತುಬಿಟ್ಟಳು. "ಕಳ್ಳಿ ಹಾಕಿದ್ದು ಎಣಿಸ್ತಾರೆ, ನಾನು ಹಾಕಿದ್ದು ಎಣಿಸಲ್ಲವೆ?"

"ಹೌದು."

"ಇದನ್ನ ಯಾರೋ ಓದಿದವರೇ ಬರೆದಿರಬೇಕು" ಎಂದಳು.

ಆ ನಿಯಮಕ್ಕೆ ಕಾರಣವಿದೆ. ಪೆಟ್ಟಿಗೆಗೆ ಬಿದ್ದ ಚೀಟಿ ಯಾರದೆಂದು ಹುಡುಕಿದರೆ ಗುಟ್ಟು ಒಡೆಯುತ್ತದೆ, ಆದ್ದರಿಂದ ಮೊದಲ ಚೀಟಿಯನ್ನು ತೆಗೆಯುವ ಹಾಗಿಲ್ಲ, ಎರಡನ್ನೂ ಎಣಿಸುವ ಹಾಗೂ ಇಲ್ಲ. ಯಾರಾದರೂ ತಕರಾರು ಹೂಡಿದರೆ ನ್ಯಾಯಾಲಯ ಲಕೋಟೆ ಒಡೆಸಬಹುದು. ಯಾರೂ ಹೂಡಲಿಲ್ಲ. ಈ ಕಾರಣವನ್ನು ನಾನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಪ್ರತಿ ಸಲವೂ ಸರಿಯಾಗಿಯೇ ಇದೆ. ನನ್ನ ಸಿಟ್ಟು ಅದರಿಂದ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ವಕೀಲರು ಗೆದ್ದರು. ವಾರವಾದ ಮೇಲೆ ವಂದನೆ ಹೇಳಲು ಜೀಪಿನಲ್ಲಿ ಬಂದರು. ನಾನು ಇನ್ನೂ ಊರಿನಲ್ಲೇ ಇದ್ದೆ. ಅಣ್ಣ ಹಾರ ಹಾಕಿದ. ಜಗಲಿಯ ತುಂಬ ಜನ. ಯಾರೂ ಕರೆಯದೆ ಅತ್ತೆ ಹೊರಗೆ ಬಂದು ಅವರ ಎದುರು ನಿಂತಳು.

"ನಾನು ಯಾರು ಅಂತ ಗೊತ್ತೇ?"

ವಕೀಲರು ಕೈಮುಗಿದರು. "ಗೊತ್ತಿಲ್ಲದೆ ಏನಮ್ಮ? ನಿಮ್ಮಂಥ ತಾಯಂದಿರೇ ತಾನೇ ಓಟು ಹಾಕಿ ನನ್ನ ಗೆಲ್ಲಿಸಿದ್ದು."

"ನಾನು ಹಾಕಿಲ್ಲ."

ಅವರು ನಕ್ಕರು. ಆ ನಗುವಿನಲ್ಲಿ ಕೋಪವಿರಲಿಲ್ಲ, ನಾಚಿಕೆಯಿರಲಿಲ್ಲ, ಗುರುತೂ ಇರಲಿಲ್ಲ. ತಾನು ಯಾರ ಹೆಬ್ಬೆಟ್ಟು ಒತ್ತಿಸಿಕೊಂಡೆನೆಂದು ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು. "ಹಾಕದಿದ್ರೂ ನಾನು ನಿಮ್ಮವನೇ ಬಿಡಿ ತಾಯಿ. ಐದು ವರ್ಷ ನಿಮ್ಮ ಸೇವೆಗೇ ಇರ್ತೀನಿ."

ಜಗಲಿಯವರೆಲ್ಲ ನಕ್ಕರು. ಅತ್ತೆ ಒಳಗೆ ಹೋದಳು.

ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ? ಕಂಬಕ್ಕೆ ಒರಗಿ, ಕೈಕಟ್ಟಿ, ಅವರ ಮುಖವನ್ನು ದುರುಗುಟ್ಟಿ ನೋಡುತ್ತಿದ್ದೆ ಎಂಬುದು ನನ್ನ ನೆನಪು. ಅಣ್ಣನ ನೆನಪು ಬೇರೆ. ನಾನು ಜೀಪಿನವರೆಗೆ ಹೋಗಿ, ಬಸ್ಸಿನ ಅರ್ಜಿಯ 'ಮತ್ತೊಂದು ಪ್ರತಿ' ಕೊಟ್ಟು, ಕೈಮುಗಿದು ಬಂದೆನಂತೆ. "ಜಗಳ ನನ್ನ ಹತ್ರ ಆಡಿದೆ, ನಮಸ್ಕಾರ ಅವರಿಗೆ ಹಾಕಿದೆ" ಎಂದು ಅವನು ಇಂದಿಗೂ ಚುಚ್ಚುತ್ತಾನೆ. ಬಸ್ಸು ಅದೇ ವರ್ಷ ನಮ್ಮೂರಿನ ತಿರುವಿನಲ್ಲಿ ನಿಲ್ಲತೊಡಗಿದ್ದು ನಿಜ. ಯಾರ ಅರ್ಜಿಯಿಂದ ನಿಂತಿತೆಂದು ನಾನು ಎಂದೂ ವಿಚಾರಿಸಲಿಲ್ಲ.

ಅತ್ತೆ ಅಡಿಗೆಮನೆಯ ಕಿಟಕಿಯಿಂದ ನೋಡಿರಬೇಕು. ಅದರ ಮುಂದೆಯೇ ಜೀಪು ನಿಂತದ್ದು. ಮುಂದಿನ ಚುನಾವಣೆಗೆ ಮೊದಲೇ ಅವಳು ತೀರಿಕೊಂಡಳು. ಅಷ್ಟು ವರ್ಷ, ಹಾಸನದಿಂದ ಬಂದಾಗಲೆಲ್ಲ, ಅವಳ ಎದುರಿಗೆ ಕುಳಿತು ಉಂಡೆ. ಅವತ್ತು ಕಿಟಕಿಯಿಂದ ಕಂಡದ್ದೇನು ಎಂದು ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ.